ಯಾವ ಇಂಗ್ಲಿಷ್ ಪರೀಕ್ಷೆ ಬರೆಯಬೇಕು?



ನಾನಿರುವುದು ಕಾಮೋಠೆಯಲ್ಲಿ. ಹಾರ್ಬರ್ ಲೈನಿನ ಪನ್ವೇಲ್ ಗಾಡಿಯಲ್ಲಿ ಖಾರ್‌ಘರ್ ಆದ ಮೇಲೆ ಬರುವ ಮಾನಸರೋವರ್ ಸ್ಟೇಷನ್ನಿನಲ್ಲಿ ಇಳಿದರೆ ನಮ್ಮೂರು. ಸಿಡ್ಕೋದವರು ಯೋಜಿಸಿದ ಊರು, 2016ರಿಂದ ಪನ್ವೇಲ್ ಮಹಾನಗರಪಾಲಿಕೆಗೆ ಸೇರಿದೆ. ನಾವು ಇಲ್ಲಿ ಮನೆ ಮಾಡಿದಾಗ ನೆಂಟರು ‘ಅಷ್ಟು ದೂರವೇ?’ ಎಂದು ಕೇಳುತ್ತಿದ್ದರು. ಈಗ ಹಾಗೆ ಕೇಳುವುದಿಲ್ಲ, ಏಕೆಂದರೆ ವಿಮಾನ ನಿಲ್ದಾಣವೇ ನಮ್ಮ ಪಕ್ಕಕ್ಕೆ ಬಂದಿದೆ. ನವಿ ಮುಂಬಯಿ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಂದು ಪ್ರಯಾಣಿಕ ವಿಮಾನಗಳು ಶುರುವಾದವು. ಮೊದಲು ಬಂದಿಳಿದದ್ದು ಬೆಂಗಳೂರಿನ ವಿಮಾನ ಎಂದು ನಮ್ಮ ಕನ್ನಡದ ಗೆಳೆಯರೆಲ್ಲ ಆ ದಿನ ಬೀಗಿದ್ದೇ ಬೀಗಿದ್ದು.

ಆದರೆ ವಿಮಾನ ನಿಲ್ದಾಣ ಬರುವುದಕ್ಕಿಂತ ಎಷ್ಟೋ ಮೊದಲೇ ನಮ್ಮ ಸೆಕ್ಟರಿನ ಮಕ್ಕಳು ಹಾರಲು ಸಿದ್ಧರಾಗಿದ್ದರು. ಒಂದೊಂದು ಬಿಲ್ಡಿಂಗಿನಲ್ಲಿ ಒಬ್ಬರಾದರೂ ‘ಹೊರಗೆ’ ಓದಲು ಹೊರಟವರಿದ್ದಾರೆ. ನಾನು ಬಹಳ ವರ್ಷ ಜ್ಯೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಹಾಗಾಗಿ ಲಿಫ್ಟಿನಲ್ಲಿ, ತರಕಾರಿ ಮಾರ್ಕೆಟ್ಟಿನಲ್ಲಿ, ಗಣಪತಿ ಪೆಂಡಾಲಿನಲ್ಲಿ ತಂದೆ ತಾಯಂದಿರು ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: ‘ಸರ್, ಮಗನಿಗೆ ಐಲ್ಟ್ಸ್ ಒಳ್ಳೆಯದೋ, ಟೋಫೆಲ್ಲೋ? ಯಾವುದು ಸುಲಭ?’

ಈ ಪ್ರಶ್ನೆಗೆ ನಾನೂ ಮೊದಮೊದಲು ಏನೋ ಒಂದು ಹೇಳಿಬಿಡುತ್ತಿದ್ದೆ. ಈಗ ಹೇಳುವುದಿಲ್ಲ. ಅದಕ್ಕೆ ಕಾರಣವಾದದ್ದು ನಮ್ಮ ನೆರೆಮನೆಯಲ್ಲಿ ನಡೆದ ಒಂದು ಸಂಗತಿ. ಆ ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ನಿಮಗೆ ಹೇಳುತ್ತೇನೆ.

ನೆರೆಮನೆಯವರು ಕುಂದಾಪುರ ಕಡೆಯವರು. ಹುಡುಗರಾಗಿದ್ದಾಗ ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಕೆಲಸ ಮಾಡಿ, ರಾತ್ರಿಶಾಲೆಯಲ್ಲಿ ಓದಿ ಎಸ್ಸೆಸ್ಸಿ ಮುಗಿಸಿದವರು. ಮುಂಬಯಿಯ ಕನ್ನಡಿಗರಿಗೆ ರಾತ್ರಿಶಾಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈಗ ಸ್ಟೇಷನ್ನಿನ ಹತ್ತಿರ ಅವರದೇ ಒಂದು ಸಣ್ಣ ಹೋಟೆಲಿದೆ. ಮಗಳು ಫಿಸಿಯೋಥೆರಪಿ ಪದವೀಧರೆ. ಇಂಗ್ಲೆಂಡಿನಲ್ಲಿ ಎಂಎಸ್ಸಿ ಮಾಡಬೇಕೆಂದು ಹೊರಟಳು. ವಿಶ್ವವಿದ್ಯಾನಿಲಯ ಕೇಳಿದ್ದು ಐಇಎಲ್‌ಟಿಎಸ್‌ನಲ್ಲಿ ಆರೂವರೆ. 2025ರ ಮೇ ತಿಂಗಳಲ್ಲಿ ಪರೀಕ್ಷೆ ಬರೆದಳು. ಒಟ್ಟು ಬ್ಯಾಂಡ್ ಏಳು ಬಂತು! ತಂದೆ ಬಿಲ್ಡಿಂಗಿಗೆಲ್ಲ ಮೈಸೂರುಪಾಕ್ ಹಂಚಿದರು. ನಾನೂ ತಿಂದೆ.

ಹತ್ತು ದಿನ ಕಳೆದ ಮೇಲೆ ಒಂದು ರಾತ್ರಿ ಬಾಗಿಲು ಬಡಿದರು. ಕೈಯಲ್ಲಿ ವಿಶ್ವವಿದ್ಯಾನಿಲಯದಿಂದ ಬಂದ ಇಮೇಲಿನ ಪ್ರಿಂಟು.

‘ಆರೂವರೆ ಕೇಳಿದ್ದು, ಏಳು ಬಂದಿದೆಯಲ್ಲ ಮಾಸ್ಟ್ರೇ. ಮತ್ತೆಂತ ಬೇಕಂತೆ ಅವರಿಗೆ?’

ನಾನು ಮಾರ್ಕ್ಸ್ ಶೀಟ್ ತರಿಸಿ ನೋಡಿದೆ. ಕೇಳುವುದರಲ್ಲಿ ಏಳೂವರೆ, ಓದುವುದರಲ್ಲಿ ಏಳು, ಮಾತಿನಲ್ಲಿ ಏಳು, ಬರೆಯುವುದರಲ್ಲಿ ಆರು. ಕೂಡಿಸಿ ನಾಲ್ಕರಿಂದ ಭಾಗಿಸಿದರೆ 6.875. ಐಇಎಲ್‌ಟಿಎಸ್‌ನವರು ಅದನ್ನು ಹತ್ತಿರದ ಅರ್ಧಕ್ಕೋ ಪೂರ್ಣಕ್ಕೋ ಸರಿಹೊಂದಿಸುತ್ತಾರೆ. ಹಾಗೆ ಏಳಾಯಿತು. ಆದರೆ ಆ ವಿಶ್ವವಿದ್ಯಾನಿಲಯದ ಪುಟದಲ್ಲಿ, ಆರೂವರೆ ಎಂದು ಬರೆದ ಸಾಲಿನ ಕೆಳಗೇ, ಇನ್ನೊಂದು ಸಾಲಿತ್ತು: ನಾಲ್ಕು ವಿಭಾಗಗಳಲ್ಲಿ ಯಾವುದರಲ್ಲೂ ಆರೂವರೆಗಿಂತ ಕಡಿಮೆ ಇರಕೂಡದು. ಬರವಣಿಗೆಯ ಆರು ಅಲ್ಲಿ ಅಡ್ಡ ಬಂತು.

‘ಶೆಟ್ರೇ, ಒಟ್ಟು ಪಾಸು, ಒಂದು ಪೇಪರು ಫೇಲು ಅಂತ ತಿಳ್ಕೊಳ್ಳಿ’ ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬ್ಯಾಂಕಿನಲ್ಲಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿ ಆಗಿತ್ತು. ಸೀಟಿಗೆಂದು ಮುಂಗಡ ಕಟ್ಟಿ ಆಗಿತ್ತು.

ಆ ಎರಡನೆಯ ಸಾಲನ್ನು ತಂದೆ ಓದಿರಲಿಲ್ಲ, ಮಗಳು ಓದಿರಲಿಲ್ಲ, ಅರ್ಜಿ ತುಂಬಿಸಿಕೊಟ್ಟ ಏಜೆಂಟನೂ ಓದಿರಲಿಲ್ಲ. ನಿಜ ಹೇಳಬೇಕೆಂದರೆ, ‘ಐಲ್ಟ್ಸ್ ಬರೆಸಿ, ಅದು ಎಲ್ಲರೂ ಒಪ್ಪುವಂಥದ್ದು’ ಎಂದು ಲಿಫ್ಟಿನಲ್ಲಿ ಸಲಹೆ ಕೊಟ್ಟಿದ್ದ ನಾನೂ ಓದಿರಲಿಲ್ಲ. ಆಕೆ ಮಾತಿನಲ್ಲಿ ಚುರುಕು, ಬರವಣಿಗೆಯಲ್ಲಿ ನಿಧಾನ ಎಂಬುದು ನನಗೆ ಗೊತ್ತಿತ್ತು. ಆದರೂ ಯೋಚಿಸಲಿಲ್ಲ.

ಆದ್ದರಿಂದ ಈಗ ಯಾರೇ ಕೇಳಿದರೂ ನಾನು ತಿರುಗಿ ಕೇಳುತ್ತೇನೆ: ಯಾವ ದೇಶ? ಯಾವ ವಿಶ್ವವಿದ್ಯಾನಿಲಯ? ಅದರಲ್ಲಿ ಯಾವ ವಿಭಾಗ? ಇದು ಗೊತ್ತಿಲ್ಲದೆ ಪರೀಕ್ಷೆ ಆರಿಸುವುದು, ಯಾವ ಊರಿಗೆ ಹೋಗಬೇಕೆಂದು ತಿಳಿಯದೆ ಸಿಎಸ್‌ಎಂಟಿಯಲ್ಲಿ ಟಿಕೆಟ್ ಕೇಳಿದ ಹಾಗೆ. ಒಂದೇ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗಿಗೆ ಒಂದು ಅಂಕ, ಕಾನೂನಿಗೆ ಇನ್ನೊಂದು, ನರ್ಸಿಂಗಿಗೆ ಅದಕ್ಕಿಂತ ಹೆಚ್ಚು ಇರುವುದುಂಟು. ಮೊದಲ ಪುಟದಲ್ಲಿ ಕಾಣುವುದು ಸಾಮಾನ್ಯ ನಿಯಮ. ವಿಭಾಗದ ಪುಟಕ್ಕೆ ಹೋಗಿ, ಒಟ್ಟು ಅಂಕದ ಜೊತೆಗೆ ಪ್ರತಿ ವಿಭಾಗದ ಕನಿಷ್ಠ ಅಂಕವನ್ನೂ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ನಾಲ್ಕೈದು ವಿಶ್ವವಿದ್ಯಾನಿಲಯಗಳ ಪಟ್ಟಿ ಮಾಡಿದರೆ, ಎಲ್ಲರೂ ಒಪ್ಪುವ ಪರೀಕ್ಷೆ ಯಾವುದೆಂದು ಆ ಕಾಗದವೇ ಹೇಳುತ್ತದೆ.

ಇನ್ನೊಂದು ವಿಷಯ. ಪರೀಕ್ಷೆಯೇ ಬೇಡ ಎನ್ನುವ ಕಡೆಗಳೂ ಇವೆ! ಬ್ರಿಟನ್ನಿನ ಕೆಲವು ವಿಶ್ವವಿದ್ಯಾನಿಲಯಗಳು ನಮ್ಮ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತವೆ. ಆದರೆ ಬೋರ್ಡಿಗೊಂದು ಲೆಕ್ಕ. ಸಿಬಿಎಸ್‌ಇಗೆ ಒಪ್ಪಿದ್ದನ್ನು ರಾಜ್ಯದ ಬೋರ್ಡಿಗೆ ಒಪ್ಪದೆ ಇರಬಹುದು. ಇನ್ನು ಕೆಲವರು, ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾಳೆ ಎಂದು ಕಾಲೇಜು ಬರೆದುಕೊಟ್ಟ ಪ್ರಮಾಣಪತ್ರ ಸಾಕು ಎನ್ನುತ್ತಾರೆ. ಒಂದು ಸಲ ಪರೀಕ್ಷೆ ಬರೆಯಲು ಹದಿನೈದು ಸಾವಿರ ರೂಪಾಯಿಗಿಂತ ಹೆಚ್ಚು ಬೀಳುವ ಈ ಕಾಲದಲ್ಲಿ ಒಂದು ಇಮೇಲ್ ಕಳಿಸಿ ಕೇಳುವುದರಲ್ಲಿ ನಷ್ಟವೇನು?

ಸರಿ, ಪರೀಕ್ಷೆ ಬೇಕೇ ಬೇಕು ಎಂದಾಯಿತು ಎನ್ನೋಣ. ಸಾಮಾನ್ಯವಾಗಿ ಕೇಳಿಬರುವ ಹೆಸರು ನಾಲ್ಕು.

ಐಇಎಲ್‌ಟಿಎಸ್ 1989ರಿಂದ ಇದೆ. ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ಈ ಮೂವರ ಒಡೆತನದ್ದು. ಭಾರತದಲ್ಲಿ ಬ್ರಿಟಿಷ್ ಕೌನ್ಸಿಲಿನ ಪರೀಕ್ಷಾ ವ್ಯವಹಾರವನ್ನು 2021ರಲ್ಲಿ ಐಡಿಪಿ ಕೊಂಡುಕೊಂಡಿತು. ಆದ್ದರಿಂದ ನರಿಮನ್ ಪಾಯಿಂಟಿನ ಬ್ರಿಟಿಷ್ ಕೌನ್ಸಿಲಿಗೆ ಹೋಗಿ ಫಾರಂ ತಂದ ನೆನಪಿರುವ ಹಿರಿಯರು ಮಕ್ಕಳನ್ನು ಅಲ್ಲಿಗೆ ಕಳಿಸಬೇಡಿ. ಸುಮಾರು ಎರಡೂಮುಕ್ಕಾಲು ಗಂಟೆಯ ಪರೀಕ್ಷೆ. ಇದರ ವಿಶೇಷವೆಂದರೆ ಮಾತಿನ ಪರೀಕ್ಷೆಯಲ್ಲಿ ಎದುರಿಗೆ ಮನುಷ್ಯರೇ ಇರುತ್ತಾರೆ. ಹನ್ನೊಂದರಿಂದ ಹದಿನಾಲ್ಕು ನಿಮಿಷ ಮಾತುಕತೆ. ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷ ಮಾತಾಡಿ ಎನ್ನುತ್ತಾರೆ. ಕೇಳುವ ಭಾಗದಲ್ಲಿ ಧ್ವನಿ ಒಮ್ಮೆ ಮಾತ್ರ, ಉತ್ತರದ ಸ್ಪೆಲಿಂಗ್ ತಪ್ಪಿದರೆ ಅಂಕ ಹೋಯಿತು. ಬರವಣಿಗೆಯಲ್ಲಿ ಎರಡು ಪ್ರಶ್ನೆ. ನೂರೈವತ್ತು ಪದದ್ದೊಂದು, ಇನ್ನೂರೈವತ್ತು ಪದದ್ದೊಂದು, ಎರಡನೆಯದಕ್ಕೆ ಮೊದಲಿನದರ ಎರಡರಷ್ಟು ತೂಕ. ನಮ್ಮ ಮಕ್ಕಳು ಮೊದಲ ಪ್ರಶ್ನೆಯ ಗ್ರಾಫನ್ನು ಚಂದ ಮಾಡಲು ಹೋಗಿ ಎರಡನೆಯದಕ್ಕೆ ಸಮಯ ಸಾಲದೆ ಕೈ ಸುಟ್ಟುಕೊಳ್ಳುತ್ತಾರೆ. ನೆರೆಮನೆಯ ಹುಡುಗಿಗೆ ಆದದ್ದೂ ಅದೇ. ಇದರಲ್ಲಿ ಅಕಾಡೆಮಿಕ್, ಜನರಲ್ ಎಂದು ಎರಡು ಬಗೆ. ವಿಶ್ವವಿದ್ಯಾನಿಲಯ ಪ್ರವೇಶಕ್ಕೆ ಬೇಕಾದದ್ದು ಅಕಾಡೆಮಿಕ್. ಬುಕ್ ಮಾಡುವಾಗ ತಪ್ಪಿ ಇನ್ನೊಂದನ್ನು ಒತ್ತಿದವರನ್ನು ನಾನು ಕಂಡಿದ್ದೇನೆ.

ಟೋಫೆಲ್ ಇದಕ್ಕಿಂತ ಹಳೆಯದು, 1964ರಿಂದ ನಡೆದುಬಂದದ್ದು. ಅಮೆರಿಕದ ಇಟಿಎಸ್ ಸಂಸ್ಥೆಯದು. ಈ ಪರೀಕ್ಷೆಯ ಅಂಕದ ಬಗ್ಗೆ ಮನೆಮನೆಯಲ್ಲಿ ಗೊಂದಲ, ಏಕೆಂದರೆ ಅಳತೆಗೋಲು ಮತ್ತೆ ಮತ್ತೆ ಬದಲಾಗಿದೆ. ‘ನನಗೆ ಟೋಫೆಲ್‌ನಲ್ಲಿ ಆರುನೂರು ಬಂದಿತ್ತು’ ಎಂದು ಅಮೆರಿಕದ ಚಿಕ್ಕಪ್ಪ ಹೇಳಿದರೆ ಅದು ಕಾಗದದ ಪರೀಕ್ಷೆಯ ಕಾಲದ್ದು, ಆಗ 677 ಅತಿ ಹೆಚ್ಚಿನ ಅಂಕ. 1998ರಲ್ಲಿ ಕಂಪ್ಯೂಟರಿಗೆ ಬಂದಾಗ 300ಕ್ಕೆ ಲೆಕ್ಕ. 2005ರಲ್ಲಿ ಇಂಟರ್ನೆಟ್ ಪರೀಕ್ಷೆಯಾದಾಗ 120ಕ್ಕೆ. 2026ರ ಜನವರಿ 21ರಿಂದ ಒಂದರಿಂದ ಆರರವರೆಗಿನ ಹೊಸ ಅಳತೆ. ಎರಡು ವರ್ಷದ ಮಟ್ಟಿಗೆ ಹಳೆಯ 120ರ ಲೆಕ್ಕದ ಅಂಕವನ್ನೂ ಜೊತೆಯಲ್ಲಿ ಕೊಡುತ್ತಾರೆ. ಪ್ರಶ್ನೆಗಳ ಬಗೆಯೂ ಬದಲಾಗಿದೆ. ಓದುವ ಮತ್ತು ಕೇಳುವ ಭಾಗಗಳಲ್ಲಿ, ನೀವು ಮೊದಲ ಪ್ರಶ್ನೆಗಳಿಗೆ ಹೇಗೆ ಉತ್ತರಿಸಿದಿರೋ ಅದರ ಮೇಲೆ ಮುಂದಿನವು ಕಠಿಣವೋ ಸುಲಭವೋ ಎಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಮಾತಿನ ಭಾಗದಲ್ಲಿ ಕೇಳಿದ ವಾಕ್ಯವನ್ನು ಹಾಗೆಯೇ ಹೇಳುವುದು, ಸಂದರ್ಶನದ ಹಾಗೆ ಉತ್ತರಿಸುವುದು. ಬರವಣಿಗೆಯಲ್ಲಿ ಒಂದು ಇಮೇಲ್ ಬರೆಯುವುದೂ ಇದೆ. ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಟೋಫೆಲ್ ಪುಸ್ತಕಗಳನ್ನು ಕೊಂಡು ಓದಿದರೆ ಇಂಗ್ಲಿಷ್ ಸುಧಾರಿಸೀತು, ಪರೀಕ್ಷೆಯ ತಯಾರಿ ಆಗದು. ಐಇಎಲ್‌ಟಿಎಸ್‌ನ ಹಳೆಯ ಪುಸ್ತಕಗಳಿಗೆ ಆ ಗತಿ ಬಂದಿಲ್ಲ. ಅದರ ರಚನೆ ಹೆಚ್ಚು ಬದಲಾಗಿಲ್ಲ.

ಪಿಟಿಇ ಎನ್ನುವುದು ಪಿಯರ್ಸನ್ ಕಂಪನಿಯದು, 2009ರಲ್ಲಿ ಶುರುವಾಯಿತು. ಎರಡು ಗಂಟೆ, ಹತ್ತರಿಂದ ತೊಂಬತ್ತರವರೆಗೆ ಅಂಕ, ಫಲಿತಾಂಶ ಸಾಮಾನ್ಯವಾಗಿ ಎರಡು ದಿನದಲ್ಲಿ. ಇಲ್ಲಿ ಪೂರ್ತಿ ಕಂಪ್ಯೂಟರಿನ ಎದುರು ಮಾತು. ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಹೆಡ್‌ಫೋನ್ ಹಾಕಿಕೊಂಡು ಒಟ್ಟಿಗೆ ಮಾತಾಡುತ್ತಿರುತ್ತಾರೆ, ಮೀನು ಮಾರ್ಕೆಟ್ಟಿನ ಹಾಗೆ! ಅದರ ನಡುವೆ ನಿಮ್ಮ ಮಾತು ತಡವರಿಸಬಾರದು. ಕೆಲವು ಪ್ರಶ್ನೆಗಳಲ್ಲಿ ಮೂರು ಸೆಕೆಂಡು ಸುಮ್ಮನಾದರೆ ಮೈಕ್ ತಾನಾಗಿ ನಿಂತುಬಿಡುತ್ತದೆ. ಯೋಚಿಸಿ ನಿಧಾನವಾಗಿ ಮಾತಾಡುವ ಮಕ್ಕಳಿಗೆ ಇದು ಕಷ್ಟ. ಅದೇ, ಅಪರಿಚಿತರ ಮುಖ ನೋಡಿದರೆ ಗಂಟಲು ಕಟ್ಟುವ ಮಕ್ಕಳಿಗೆ ವರ.

ಇಲ್ಲಿ ಉಚ್ಚಾರಣೆಯ ಬಗ್ಗೆ ಒಂದು ಮಾತು. ಕನ್ನಡದವರಿಗೆ ‘ಎ’ ಎಂದು ಶುರುವಾಗುವ ಇಂಗ್ಲಿಷ್ ಪದ ಬಂದರೆ ‘ಯೆ’ ಎನ್ನುವ ಅಭ್ಯಾಸ: ಯೆಗ್ಗು, ಯೆಂಟ್ರಿ. ‘ಒ’ ಬಂದರೆ ‘ವೊ’: ವೋನ್ಲಿ, ವೋಲ್ಡ್. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ಅದು ಕಡಿಮೆ. ಅವರಿಗೆ ಇನ್ನೊಂದು ರೋಗ, ವಾಕ್ಯಕ್ಕೆ ಎರಡು ಸಲ ‘ಮತ್ಲಬ್’. ಹಾಗೆಂದು ಬಿಬಿಸಿಯವರ ಹಾಗೆ ಮೂಗಿನಲ್ಲಿ ಮಾತಾಡಲು ಹೋಗಬೇಡಿ. ಯಾವ ಪರೀಕ್ಷೆಯೂ ಬ್ರಿಟಿಷ್ ಧಾಟಿಯನ್ನು ಕೇಳುವುದಿಲ್ಲ, ಕೇಳಿದವರಿಗೆ ಅರ್ಥವಾಗಬೇಕು, ಅಷ್ಟೆ.

ನಾಲ್ಕನೆಯದು ಡುವೊಲಿಂಗೊ. 2016ರಲ್ಲಿ ಬಂತು, 2020ರಲ್ಲಿ ಕೊರೋನಾದಿಂದ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಮನೆಮಾತಾಯಿತು. ಮನೆಯಲ್ಲೇ ಕುಳಿತು ಒಂದು ಗಂಟೆಯಲ್ಲಿ ಮುಗಿಸಬಹುದು, ಅಂಕ 160ಕ್ಕೆ, ಫಲಿತಾಂಶ ಎರಡು ದಿನದಲ್ಲಿ, ಖರ್ಚು ಉಳಿದವುಗಳ ಅರ್ಧಕ್ಕಿಂತ ಕಡಿಮೆ. ಎಷ್ಟು ವಿಶ್ವವಿದ್ಯಾನಿಲಯಗಳಿಗೆ ಅಂಕ ಕಳಿಸಿದರೂ ಬೇರೆ ಶುಲ್ಕವಿಲ್ಲ. ಅಮೆರಿಕದ ಹತ್ತು ಕಡೆ ಅರ್ಜಿ ಹಾಕುವವರಿಗೆ ಇದು ದೊಡ್ಡ ಉಳಿತಾಯ. ಟೋಫೆಲ್‌ಗೂ ಮನೆಯಲ್ಲಿ ಬರೆಯುವ ಬಗೆಯೊಂದಿದೆ.

ಆದರೆ ಮನೆ ಎಂದರೆ ಯಾವ ಮನೆ? ಕೋಣೆಯಲ್ಲಿ ಬೇರೆ ಯಾರೂ ಇರಕೂಡದು, ಯಾರೂ ಒಳಗೆ ಬರಕೂಡದು, ಕಣ್ಣು ಪರದೆ ಬಿಟ್ಟು ಅತ್ತಿತ್ತ ಹೋಗಕೂಡದು ಎಂಬ ನಿಯಮಗಳಿವೆ. ಕ್ಯಾಮೆರಾ ಎಲ್ಲವನ್ನೂ ನೋಡುತ್ತಿರುತ್ತದೆ. ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಜ್ಜಿ, ಟಿವಿ, ಕುಕ್ಕರಿನ ಸೀಟಿ, ಕೆಳಗೆ ‘ಭಂಗಾರ್‌ವಾಲಾ’ ಎಂದು ಮೈಕಿನಲ್ಲಿ ಕೂಗುವವನು, ಇವರನ್ನೆಲ್ಲ ಒಂದು ಗಂಟೆ ಸುಮ್ಮನಿರಿಸುವವರು ಯಾರು? ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗ ಪರೀಕ್ಷೆ ಬರೆಯುತ್ತಿದ್ದಾಗ ಅವನಮ್ಮ ಪ್ರೀತಿಯಿಂದ ಚಹಾ ತಂದಿಟ್ಟರು. ಆ ಪರೀಕ್ಷೆ ಲೆಕ್ಕಕ್ಕೆ ಬರಲಿಲ್ಲ. ಮನೆಯಲ್ಲಿ ಬರೆಯುವುದಾದರೆ ಗೆಳೆಯರ ಖಾಲಿ ಫ್ಲ್ಯಾಟು ಕೇಳಿ ಪಡೆಯಿರಿ. ನಾಚಿಕೆ ಬೇಡ.

ಮನೆಯ ಪರೀಕ್ಷೆಗಿರುವ ನಿಜವಾದ ತೊಡಕು ಬೇರೆ. ವಿಶ್ವವಿದ್ಯಾನಿಲಯ ಒಪ್ಪಿದರೂ ಆ ದೇಶದ ವೀಸಾ ಕಚೇರಿ ಒಪ್ಪದಿರಬಹುದು. ಅಮೆರಿಕದಲ್ಲಿ ಈ ಗೋಜಿಲ್ಲ. ಇಂತಹುದೇ ಪರೀಕ್ಷೆ ಬರೆಯಬೇಕೆಂದು ವಿದ್ಯಾರ್ಥಿ ವೀಸಾದ ನಿಯಮ ಹೇಳುವುದಿಲ್ಲ, ವಿಶ್ವವಿದ್ಯಾನಿಲಯ ಒಪ್ಪಿದರೆ ಆಯಿತು. ಆಸ್ಟ್ರೇಲಿಯಾ ಹಾಗಲ್ಲ. ಅಲ್ಲಿ ವೀಸಾಕ್ಕೆ ಮನೆಯಲ್ಲಿ ಬರೆದ ಯಾವ ಪರೀಕ್ಷೆಯೂ ನಡೆಯುವುದಿಲ್ಲ, ಕೇಂದ್ರಕ್ಕೇ ಹೋಗಿ ಬರೆದಿರಬೇಕು. ಜೊತೆಗೆ 2024ರ ಮಾರ್ಚ್ 23ರಿಂದ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐಇಎಲ್‌ಟಿಎಸ್ ಅಂಕವನ್ನು ಐದೂವರೆಯಿಂದ ಆರಕ್ಕೆ ಏರಿಸಿದರು. ಟೋಫೆಲ್ ಅಂಕವನ್ನು 2023ರ ಜುಲೈಯಿಂದ 2024ರ ಮೇವರೆಗೆ ಅವರು ವೀಸಾಕ್ಕೆ ಒಪ್ಪಲೇ ಇಲ್ಲ. ಆ ನಡುವೆ ಬರೆದವರು ಮತ್ತೊಂದು ಪರೀಕ್ಷೆ ಬರೆಯಬೇಕಾಯಿತು.

ಬ್ರಿಟನ್ನಿನಲ್ಲಿ ಪದವಿ ಮತ್ತು ಅದರ ಮೇಲಿನ ಓದಿಗೆ ವಿಶ್ವವಿದ್ಯಾನಿಲಯವೇ ವಿದ್ಯಾರ್ಥಿಯ ಇಂಗ್ಲಿಷನ್ನು ಅಳೆದು ಭರವಸೆ ಕೊಡಬಹುದು. ಅದಕ್ಕಿಂತ ಕೆಳಗಿನ ಹಂತಕ್ಕೆ, ಎಂದರೆ ಪದವಿಗೆ ಮೊದಲಿನ ಫೌಂಡೇಶನ್ ತರಗತಿಯಂಥದ್ದಕ್ಕೆ, ಸರ್ಕಾರ ಮಾನ್ಯ ಮಾಡಿದ ಭದ್ರ ಪರೀಕ್ಷೆಯೇ ಬೇಕು. ಐಇಎಲ್‌ಟಿಎಸ್‌ನಲ್ಲೇ ‘ಯುಕೆವಿಐ’ ಎಂಬ ಹೆಸರಿನದು ಅದು. ಪ್ರಶ್ನೆಗಳು ಅದೇ ಬಗೆ, ಆದರೆ ಬುಕಿಂಗ್ ಬೇರೆ, ಶುಲ್ಕ ಬೇರೆ. ಸಾಮಾನ್ಯ ಐಇಎಲ್‌ಟಿಎಸ್‌ನಲ್ಲಿ ಎಷ್ಟೇ ಅಂಕ ಬಂದರೂ ಅದರ ಜಾಗಕ್ಕೆ ಇದು ನಡೆಯದು.

ಈ ಭದ್ರತೆಗೆ ಒಂದು ಕಹಿ ಹಿನ್ನೆಲೆಯಿದೆ. 2014ರ ಫೆಬ್ರುವರಿಯಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ, ಬ್ರಿಟನ್ನಿನ ಕೆಲವು ಕೇಂದ್ರಗಳಲ್ಲಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಬೇರೆಯವರು ಕುಳಿತು ಬರೆಯುತ್ತಿದ್ದುದನ್ನು ತೋರಿಸಿತು. ಆಮೇಲೆ ಧ್ವನಿಮುದ್ರಿಕೆಗಳನ್ನು ತಾಳೆ ನೋಡಿ 33 ಸಾವಿರಕ್ಕೂ ಹೆಚ್ಚು ಫಲಿತಾಂಶಗಳನ್ನು ಅಸಿಂಧು ಎಂದರು. ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದಾಯಿತು, ಅವರಲ್ಲಿ ಭಾರತೀಯರೂ ಬಹಳ. ತಪ್ಪು ಮಾಡದವರೂ ಸಿಕ್ಕಿಬಿದ್ದರು. ಎಷ್ಟೋ ಮಂದಿ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಗೆದ್ದರು, ಆದರೆ ಓದಿನ ಕಾಲ ಕಳೆದುಹೋಗಿತ್ತು. ‘ಎಂಟು ಬ್ಯಾಂಡ್ ಗ್ಯಾರಂಟಿ’ ಎಂಬ ಬೋರ್ಡು ಕಂಡಾಗ ನನಗೆ ಇದು ನೆನಪಾಗುತ್ತದೆ. ಅಂಕದ ಗ್ಯಾರಂಟಿ ಕೊಡುವವರು ಯಾವುದರ ಬಲದ ಮೇಲೆ ಕೊಡುತ್ತಾರೆ ಎಂದು ಕೇಳಿ ನೋಡಿ. ಏಜೆಂಟರ ವಿಷಯವೂ ಅಷ್ಟೆ. ಹಲವರಿಗೆ ಕಮಿಷನ್ ಬರುವುದು ವಿಶ್ವವಿದ್ಯಾನಿಲಯದಿಂದ. ಅವರು ತೋರಿಸುವ ಪಟ್ಟಿಯಲ್ಲಿ ಕಮಿಷನ್ ಕೊಡದವರ ಹೆಸರು ಇರುವುದು ಅಪರೂಪ.

ಕೆನಡಾದ ಲೆಕ್ಕ ಇನ್ನೂ ಬೇರೆ. ಬೇಗ ವೀಸಾ ಕೊಡುತ್ತಿದ್ದ ಎಸ್‌ಡಿಎಸ್ ಯೋಜನೆ 2024ರ ನವೆಂಬರ್ 8ಕ್ಕೆ ಮುಗಿಯಿತು. ಅದೇ ತಿಂಗಳಿನಿಂದ, ಓದು ಮುಗಿಸಿ ಅಲ್ಲಿ ಕೆಲಸ ಮಾಡಲು ಪರವಾನಗಿ ಕೇಳುವವರೂ ಭಾಷಾ ಪರೀಕ್ಷೆಯ ಅಂಕ ತೋರಿಸಬೇಕು. ತಮಾಷೆಯೆಂದರೆ ಅದಕ್ಕೆ ನಡೆಯುವುದು ಐಇಎಲ್‌ಟಿಎಸ್‌ನ ಜನರಲ್ ಬಗೆ. ಪ್ರವೇಶಕ್ಕೆ ಬರೆದ ಅಕಾಡೆಮಿಕ್ ಅಲ್ಲ. ಎರಡು ಸಲದ ಖರ್ಚನ್ನು ಮೊದಲೇ ಎಣಿಸಿಕೊಳ್ಳಿ.

ನಮ್ಮ ಕಾಮೋಠೆಯಲ್ಲಿ ಎಂಜಿಎಂ ಮೆಡಿಕಲ್ ಕಾಲೇಜು, ಆಸ್ಪತ್ರೆ ಇರುವುದರಿಂದ ನರ್ಸಿಂಗ್, ಫಿಸಿಯೋಥೆರಪಿ ಓದಿದ ಮಕ್ಕಳು ಸುತ್ತಮುತ್ತ ಬಹಳ. ಅವರು ಪ್ರವೇಶದ ಅಂಕ ಮಾತ್ರ ನೋಡಿದರೆ ಸಾಲದು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಲು ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತು ಮೂರರಲ್ಲೂ ಏಳು, ಬರವಣಿಗೆಯಲ್ಲಿ ಆರೂವರೆ ಬೇಕು. ಫಿಸಿಯೋಥೆರಪಿಯವರಿಗೆ ಒಟ್ಟು ಏಳು, ಯಾವುದರಲ್ಲೂ ಆರೂವರೆಗೆ ಕಡಿಮೆಯಿಲ್ಲದೆ. ನರ್ಸುಗಳಿಗೆ ಓಇಟಿ ಎಂಬ ಇನ್ನೊಂದು ದಾರಿಯಿದೆ. ಆರೋಗ್ಯ ಕ್ಷೇತ್ರದವರಿಗೆಂದೇ ಮಾಡಿದ ಪರೀಕ್ಷೆ; ಬರವಣಿಗೆ ಎಂದರೆ ರೋಗಿಯ ವಿವರ ಓದಿ ಇನ್ನೊಬ್ಬ ವೈದ್ಯರಿಗೋ ಶುಶ್ರೂಷಕರಿಗೋ ಪತ್ರ ಬರೆಯುವುದು. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ, ಜಾಗತೀಕರಣದ ಸಾಧಕ ಬಾಧಕಗಳ ಬಗ್ಗೆ ಪ್ರಬಂಧ ಬರೆಯುವುದಕ್ಕಿಂತ ಇದು ಕೈಗೆ ಒಗ್ಗುತ್ತದೆ. ಆದರೆ ವಿಶ್ವವಿದ್ಯಾನಿಲಯವೂ ಅದನ್ನು ಒಪ್ಪುತ್ತದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಎರಡು ಮೂರು ಸಣ್ಣ ಸಂಗತಿಗಳಿವೆ, ಮುಂಬಯಿ ಕನ್ನಡಿಗರಿಗೆ ಅವೇ ದೊಡ್ಡವು. ಒಂದು, ಹೆಸರು. ಮಹಾರಾಷ್ಟ್ರ ಬೋರ್ಡಿನ ಮಾರ್ಕ್ಸ್ ಶೀಟಿನಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು. ಊರಿನಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಪರೀಕ್ಷೆಯ ದಿನ ಅವರು ನೋಡುವುದು ಪಾಸ್‌ಪೋರ್ಟ್. ಅದರಲ್ಲಿ ಇದ್ದ ಹಾಗೆಯೇ, ಒಂದಕ್ಷರ ಹೆಚ್ಚು ಕಡಿಮೆಯಿಲ್ಲದೆ, ಅರ್ಜಿಯಲ್ಲಿ ತುಂಬಬೇಕು. ಪಾಸ್‌ಪೋರ್ಟನ್ನೇ ಸರಿಮಾಡಿಸುವುದಿದ್ದರೆ ಪರೀಕ್ಷೆ ಬುಕ್ ಮಾಡುವ ಮೊದಲೇ ಮಾಡಿಸಿ.

ಇನ್ನೊಂದು, ಕೇಂದ್ರ. ಭಾನುವಾರ ಅಂಧೇರಿ ಕಡೆಯ ಕೇಂದ್ರ ಸಿಕ್ಕಿತು ಎನ್ನಿ. ಅದೇ ಭಾನುವಾರ ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್! ಡೊಂಬಿವಲಿ, ಕಲ್ಯಾಣದವರ ಪಾಡೂ ಬೇರೆಯಲ್ಲ. ತಡವಾಗಿ ಹೋದವರಿಗೆ ಒಳಗೆ ಬಿಡುವುದಿಲ್ಲ, ಕಟ್ಟಿದ ದುಡ್ಡೂ ಬರುವುದಿಲ್ಲ. ಕೇಂದ್ರಗಳ ಪಟ್ಟಿಯಲ್ಲಿ ಹತ್ತಿರದ್ದು ಬೇರೆ ವಾರದ ದಿನ ಸಿಗುವುದಾದರೆ ಕಾಲೇಜಿಗೆ ಒಂದು ದಿನ ರಜೆ ಹಾಕಿಸಿ.

ಇನ್ನು ಅವಧಿ. ಈ ನಾಲ್ಕೂ ಪರೀಕ್ಷೆಗಳ ಅಂಕ ಎರಡು ವರ್ಷಕ್ಕೆ ಮಾತ್ರ. ಎರಡನೇ ವರ್ಷದ ಡಿಗ್ರಿಯಲ್ಲೇ ಬರೆಸಿ ಮುಗಿಸಿಬಿಡೋಣ ಎನ್ನುವ ತಂದೆಯಂದಿರು ಹೊರಡುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ ನೋಡಬೇಕು. ಹಾಗೆಂದು ಕೊನೆಯ ಗಳಿಗೆಗೂ ಬಿಡಬೇಡಿ. ಒಂದು ಸಲ ಸೋತು ಇನ್ನೊಂದು ಸಲ ಬರೆಯಲು ಜಾಗ ಇರಬೇಕು.

ಮಕ್ಕಳಿಗೆ ಯಾವುದು ಒಗ್ಗುತ್ತದೆ ಎಂದು ತಿಳಿಯಲು ದುಡ್ಡು ಖರ್ಚು ಮಾಡಬೇಕಾಗಿಲ್ಲ. ಪರೀಕ್ಷೆ ನಡೆಸುವವರ ಜಾಲತಾಣಗಳಲ್ಲೇ ಉಚಿತ ಮಾದರಿ ಪ್ರಶ್ನೆಗಳಿವೆ. ಒಂದು ಶನಿವಾರ ಗಡಿಯಾರ ಇಟ್ಟು ಒಂದನ್ನು ಬರೆಯಲಿ, ಮುಂದಿನ ಶನಿವಾರ ಇನ್ನೊಂದನ್ನು. ಮಾತಿನ ಭಾಗವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಲಿ. ಮಾದರಿಯಲ್ಲಿ ಬಂದ ಅಂಕವನ್ನು ಆ ಕಾಗದದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಕ್ಲಾಸಿಗೆ ಸೇರಬೇಕೇ ಬೇಡವೇ ಎಂಬುದೂ ತಿಳಿಯುತ್ತದೆ.

ನೆರೆಮನೆಯ ಹುಡುಗಿಯ ಕಥೆ ಅರ್ಧಕ್ಕೆ ನಿಂತಿತಲ್ಲ. ಐಇಎಲ್‌ಟಿಎಸ್‌ನಲ್ಲಿ ಈಗ ಒಂದು ಸೌಲಭ್ಯವಿದೆ. ಕಂಪ್ಯೂಟರಿನಲ್ಲಿ ಬರೆದವರು ಅರವತ್ತು ದಿನದೊಳಗೆ, ನಾಲ್ಕರಲ್ಲಿ ಒಂದು ವಿಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ನನಗೆ ಬಹಳ ಸಂತೋಷವಾಯಿತು, ಈಗಲೇ ಬುಕ್ ಮಾಡು ಎನ್ನಲು ಹೊರಟೆ. ಈ ಸಲ ಅವಳೇ ಜಾಣತನ ಮಾಡಿದಳು. ‘ಅಂಕಲ್, ಮೊದಲು ಅವರನ್ನು ಕೇಳ್ತೇನೆ’ ಎಂದಳು. ಒಂಬತ್ತು ದಿನ ಕಾದ ಮೇಲೆ ಉತ್ತರ ಬಂತು: ನಾವು ಅದನ್ನು ಒಪ್ಪುವುದಿಲ್ಲ, ಪೂರ್ತಿ ಪರೀಕ್ಷೆಯೇ ಬೇಕು. ಒಪ್ಪುವ ವಿಶ್ವವಿದ್ಯಾನಿಲಯಗಳು ಎಷ್ಟೋ ಇವೆ, ಇವರು ಅವರಲ್ಲಿ ಒಬ್ಬರಲ್ಲ.

ಪಿಟಿಇ ಮಾದರಿಯನ್ನು ಪ್ರಯತ್ನಿಸಿದಳು. ಮನುಷ್ಯರ ಎದುರು ಹರಳು ಹುರಿದ ಹಾಗೆ ಮಾತಾಡುವವಳು ಮೈಕಿನ ಎದುರು ತೊದಲಿದಳು. ಹಾಗಾಗಿ ಐಇಎಲ್‌ಟಿಎಸ್ಸೇ ಮತ್ತೆ. ಆರು ವಾರ ದಿನಕ್ಕೊಂದು ಪ್ರಬಂಧ. ಎರಡನೆಯ ಪ್ರಶ್ನೆಯನ್ನು ಮೊದಲು, ನಲವತ್ತು ನಿಮಿಷದಲ್ಲಿ. ತಿದ್ದಿಕೊಟ್ಟವನು ನಾನು, ಸಲಹೆ ಕೊಟ್ಟ ಪಾಪಕ್ಕೆ. ಪರೀಕ್ಷೆ ಭಾನುವಾರವೇ ಬಿತ್ತು, ಮೆಗಾಬ್ಲಾಕೂ ಇತ್ತು. ತಂದೆ ಮಗಳು ಶನಿವಾರ ರಾತ್ರಿಯೇ ವಡಾಲಾದ ಅತ್ತೆಯ ಮನೆಗೆ ಹೋಗಿ ಉಳಿದರು. ಬರವಣಿಗೆಯಲ್ಲಿ ಆರೂವರೆ ಬಂತು. ಅಷ್ಟರಲ್ಲಿ ಸೆಪ್ಟೆಂಬರಿನ ಗಡುವು ದಾಟಿತ್ತು. ಸೀಟನ್ನು ಜನವರಿಗೆ ಮುಂದೂಡಿದರು. ಮೈಸೂರುಪಾಕ್ ಈ ಸಲ ಹಂಚಲಿಲ್ಲ, ವೀಸಾ ಕೈಗೆ ಬರಲಿ ಎಂದರು ಶೆಟ್ರು. ಬಂದ ಮೇಲೆ ಹಂಚಿದರು.

ಈಗ ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ಓದುತ್ತಿದ್ದಾಳೆ, ಆಸ್ಪತ್ರೆಯಲ್ಲಿ ತರಬೇತಿಯೂ ಶುರುವಾಗಿದೆ. ಕಳೆದ ವಾರ ಫೋನು ಮಾಡಿದ್ದಳು. ಅಲ್ಲಿಯ ಅಜ್ಜ ಅಜ್ಜಿಯರು ಮಾತಾಡುವ ಇಂಗ್ಲಿಷ್ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲವಂತೆ. ‘ಏನು ಮಾಡ್ತೀಯಮ್ಮ?’ ಎಂದೆ. ‘ಇನ್ನೊಂದ್ಸಲ ಹೇಳಿ ಅಂತ ಕೇಳ್ತೇನೆ ಅಂಕಲ್. ಅವರು ಪಾಪ, ಎಷ್ಟು ಸಲ ಬೇಕಾದ್ರೂ ಹೇಳ್ತಾರೆ’ ಎಂದಳು.